ಮಲೆನಾಡಿನ ಥಂಡಿಯಲ್ಲಿ ಏರ್ ಫ್ರೈಯರ್: ತೊಳೆಯುವುದು, ಒಣಗಿಸುವುದು, ಬಾಳಿಸುವುದು

ಏರ್ ಫ್ರೈಯರ್ ಜೊತೆ ಬರುವ ಕೈಪಿಡಿಯಲ್ಲಿ ಜಿಡ್ಡು ತೆಗೆಯುವ ಬಗ್ಗೆ ಒಂದಷ್ಟು ಬರೆದಿರುತ್ತಾರೆ. ಮಳೆಗಾಲದ ಬಗ್ಗೆ ಹೆಚ್ಚೇನೂ ಇರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆರಿದ್ರೆ ಮಳೆ ಹಿಡಿದುಕೊಂಡ ಮೇಲೆ ಡಬ್ಬಿಯಲ್ಲಿದ್ದ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ. ಅದೇ ಗಾಳಿಯಲ್ಲಿ ಈ ಮಿಷನ್ನೂ ಕೂತಿರುತ್ತದೆ. ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆ, ಶಿಕಾರಿಪುರದ ಕಡೆ ಅಷ್ಟಿಲ್ಲದಿದ್ದರೂ ಜುಲೈ ಥಂಡಿ ಅಲ್ಲೂ ತಪ್ಪಿದ್ದಲ್ಲ. ಹಾಗಾಗಿ ನಮ್ಮ ಕಡೆ ಏರ್ ಫ್ರೈಯರ್‌ಗೆ ಇಬ್ಬರು ಶತ್ರುಗಳು: ಜಿಡ್ಡು ಮತ್ತು ತೇವ. ಮೊದಲನೆಯದನ್ನು ಎಲ್ಲರೂ ತೊಳೆಯುತ್ತಾರೆ. ಎರಡನೆಯದನ್ನು ಮರೆಯುತ್ತಾರೆ.

ಕೊಳೆ ಎಲ್ಲಿ ಕೂರುತ್ತದೆ?

ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಎಲ್ಲಿ ಉಜ್ಜಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಮೇಲ್ಭಾಗದಲ್ಲಿ ಕಾಯಿಲ್ ಇದೆ, ಅದರ ಮೇಲೆ ಫ್ಯಾನ್. ಫ್ಯಾನ್ ಬಿಸಿಗಾಳಿಯನ್ನು ಜೋರಾಗಿ ಕೆಳಗೆ ತಳ್ಳುತ್ತದೆ. ಗಾಳಿ ಬುಟ್ಟಿಯೊಳಗೆ ಸುತ್ತಿ ಮತ್ತೆ ಮೇಲೆ ಬರುತ್ತದೆ. ಬರುವಾಗ ಎಣ್ಣೆಯ ಸಣ್ಣ ಹನಿ, ಮಸಾಲೆ ಪುಡಿ, ರವೆ, ಹಿಟ್ಟು ಎಲ್ಲವನ್ನೂ ಹೊತ್ತು ತರುತ್ತದೆ. ಅದರಲ್ಲಿ ಒಂದು ಪಾಲು ಕಾಯಿಲ್‌ಗೆ ಮತ್ತು ಅದರ ಸುತ್ತಲಿನ ತಗಡಿಗೆ ಅಂಟಿಕೊಳ್ಳುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಅದೇ ಸುಡುತ್ತದೆ. ಬುಟ್ಟಿ ಪಳಪಳ ಹೊಳೆಯುತ್ತಿದ್ದರೂ ಹೊಗೆ, ಕಮಟು ವಾಸನೆ ಬರುವುದು ಇದರಿಂದಲೇ. ಬುಟ್ಟಿ ನಮ್ಮ ಕಣ್ಣಿಗೆ ಬೀಳುತ್ತದೆ, ಕಾಯಿಲ್ ಬೀಳುವುದಿಲ್ಲ. ಅಷ್ಟೇ ವ್ಯತ್ಯಾಸ.

ಪ್ರತಿ ಸಲ ಬಳಸಿದ ಮೇಲೆ

ಮೊದಲು ಪ್ಲಗ್ ತೆಗೆಯಿರಿ. ಬುಟ್ಟಿಯನ್ನು ಹೊರಗೆಳೆದು ಅರ್ಧ ಗಂಟೆ ಆರಲು ಬಿಡಿ. ಬಿಸಿ ಬುಟ್ಟಿಯನ್ನು ನಲ್ಲಿ ಕೆಳಗೆ ಹಿಡಿದು ಚುಂಯ್ ಅನ್ನಿಸುವ ಅಭ್ಯಾಸ ಬೇಡ. ಹಠಾತ್ತನೆ ತಣ್ಣಗಾದರೆ ತೆಳು ಲೋಹ ಸೊಟ್ಟಗಾಗುತ್ತದೆ, ಮೇಲಿನ ಕೋಟಿಂಗ್ ಬೇಗ ಸಡಿಲವಾಗುತ್ತದೆ.

ಹಾಗಂತ ರಾತ್ರಿಯಿಡೀ ಬಿಡಲೂಬೇಡಿ. ಉಗುರು ಬೆಚ್ಚಗಿರುವಾಗ ಜಿಡ್ಡು ಇನ್ನೂ ಮೆತ್ತಗಿರುತ್ತದೆ, ಒರೆಸಿದರೆ ಬರುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಕಳೆದರೆ ಬೆಳಿಗ್ಗೆ ಇರುವೆ ಸಾಲು ಕಟ್ಟಿರುತ್ತದೆ. ತಳದಲ್ಲಿ ನಿಂತ ಎಣ್ಣೆಯನ್ನು ಹಳೇ ಪೇಪರ್‌ನಿಂದ ಒರೆಸಿ ತೆಗೆಯಿರಿ. ಸಿಂಕ್‌ಗೆ ಸುರಿಯಬೇಡಿ, ಚಳಿಯಲ್ಲಿ ಪೈಪ್ ಒಳಗೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಬುಟ್ಟಿಗೆ ಕೈ ತಡೆಯುವಷ್ಟು ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಹತ್ತು ನಿಮಿಷ ಬಿಡಿ. ಮೆತ್ತನೆಯ ಸ್ಪಂಜಿನಲ್ಲಿ ಉಜ್ಜಿ ತೊಳೆಯಿರಿ.

ಜಾಲರಿ ತಟ್ಟೆಯ ನಾಲ್ಕು ಮೂಲೆಯಲ್ಲಿ ಸಣ್ಣ ಸಿಲಿಕಾನ್ ರಬ್ಬರ್‌ಗಳಿರುತ್ತವೆ. ತಟ್ಟೆ ಬುಟ್ಟಿಗೆ ತಾಗಿ ಗೀರು ಬೀಳದಿರಲಿ ಅಂತ ಹಾಕಿದವು. ತೊಳೆಯುವಾಗ ಜಾರಿ ಬಿದ್ದು ಚರಂಡಿ ಸೇರುವುದೇ ಜಾಸ್ತಿ. ವಾರಕ್ಕೊಮ್ಮೆ ಬಿಚ್ಚಿ, ಅಡಿಯಲ್ಲಿ ಕೂತ ಜಿಡ್ಡು ತೊಳೆದು, ಒಣಗಿಸಿ ಮತ್ತೆ ಸಿಕ್ಕಿಸಿ. ಸಡಿಲವಾಗಿದ್ದರೆ ಬದಲಾಯಿಸಿ. ಇಲ್ಲದಿದ್ದರೆ ಒಂದು ದಿನ ಅದು ಬಾಳೆಕಾಯಿ ಹೋಳಿನ ಮಧ್ಯೆ ಸಿಗುತ್ತದೆ.

ಯಾವುದರಿಂದ ಉಜ್ಜಬಾರದು

ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವ ಪದ್ಧತಿಗಳು ಗಟ್ಟಿ ಪಾತ್ರೆಗೆ ಹುಟ್ಟಿದವು. ತೆಂಗಿನ ನಾರು, ಒಲೆಯ ಬೂದಿ, ಸ್ಟೀಲ್ ಜುಂಗು, ಮೂರೂ ಈ ಕೋಟಿಂಗ್‌ಗೆ ಆಗುವುದಿಲ್ಲ. ಕಂಚು ಹಿತ್ತಾಳೆಗೆ ಹಚ್ಚುವ ಹುಣಸೆಹುಳಿಯೂ ಬೇಡ. ಕೋಟಿಂಗ್ ಅಡಿಯಲ್ಲಿ ಅಲ್ಯೂಮಿನಿಯಂ ಇದ್ದರೆ, ಗೀರಿನ ಜಾಗದಲ್ಲಿ ಹುಳಿ ಒಳಗೆ ಇಳಿದು ಲೋಹವನ್ನು ತಿನ್ನುತ್ತದೆ. ಸೀಗೆಪುಡಿ ಮಾತ್ರ ಪರವಾಗಿಲ್ಲ. ನೊರೆ ಬರಿಸುವ ಸಪೋನಿನ್ ಅದರಲ್ಲಿ ಸಹಜವಾಗಿಯೇ ಇದೆ, ಎಣ್ಣೆಯನ್ನು ಚೆನ್ನಾಗಿ ಎತ್ತುತ್ತದೆ. ಆದರೆ ಪುಡಿ ತರಿತರಿಯಾಗಿರುತ್ತದೆ. ಬಿಸಿನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಆ ನೀರನ್ನಷ್ಟೇ ಬಳಸಿ. ಅಂಟುವಾಳದ ಕಾಯಿ ನೆನೆಸಿದ ನೀರಿಗೂ ಇದೇ ಮಾತು.

ಇನ್ನು ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿಯುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಬುರುಬುರು ನೊರೆ ನೋಡಲು ಚೆಂದ, ಅಷ್ಟೇ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸೇರಿ ಒಂದರ ಬಲ ಇನ್ನೊಂದು ಕಳೆಯುತ್ತವೆ. ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಜಿಡ್ಡಿಗೆ ಸೋಡಾ ಬೇರೆ, ವಾಸನೆಗೆ ಮತ್ತು ನೀರಿನ ಕಲೆಗೆ ವಿನೆಗರ್ ಬೇರೆ ಬಳಸಿ.

ಹಲಸಿನ ಕಾಲದ ತಲೆನೋವು

ಏಪ್ರಿಲ್‌ನಿಂದ ಜುಲೈವರೆಗೆ ನಮ್ಮ ಏರ್ ಫ್ರೈಯರ್‌ಗಳ ಒಳಗೆ ಹಲಸೇ ಹಲಸು. ಎಳೆ ಹಲಸಿನಕಾಯಿ ಹೋಳು ಸುಟ್ಟರೆ ಮೇಣ ಜಾಲರಿಗೆ ಹಿಡಿಯುತ್ತದೆ. ಅದಕ್ಕೆ ಸೋಪು ನೀರು ಏನೂ ಮಾಡುವುದಿಲ್ಲ. ಕೈಗೆ ಮೇಣ ಹತ್ತಿದರೆ ನಾವು ಏನು ಮಾಡುತ್ತೇವೆ? ಎಣ್ಣೆ ಹಚ್ಚುತ್ತೇವೆ. ಇಲ್ಲೂ ಅದೇ. ಒಣ ಜಾಲರಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹದಿನೈದು ನಿಮಿಷ ಬಿಡಿ, ಹಳೇ ಬಟ್ಟೆಯಿಂದ ಒರೆಸಿ. ಮೇಣ ಉರುಟಿಕೊಂಡು ಬರುತ್ತದೆ. ಸೋಪಿನ ಸರದಿ ಆಮೇಲೆ. ನೀರು ಮೊದಲು ತಾಗಿಸಿದರೆ ಕೆಲಸ ಎರಡರಷ್ಟು.

ಹಣ್ಣಿನ ಮುಳುಕ ಮಾಡುವವರಿಗೆ ಬೇರೆ ತಾಪತ್ರಯ. ಬೆಲ್ಲ ಕರಗಿ, ಕರಕಲಾಗಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಅದನ್ನು ಚಾಕು ಹಾಕಿ ಕೆರೆಯಬೇಡಿ. ಸಕ್ಕರೆ ನೀರಿನಲ್ಲಿ ಕರಗುವ ವಸ್ತು. ಬಿಸಿನೀರು ತುಂಬಿಸಿ ಒಂದು ಗಂಟೆ ಸುಮ್ನೆ ಬಿಟ್ಟರೆ ಬಹುಪಾಲು ತಾನೇ ಬಿಡುತ್ತದೆ.

ಹಪ್ಪಳದ ವಿಷಯ ಸ್ವಲ್ಪ ಗಂಭೀರ. ಹಲಸಿನ ಹಪ್ಪಳ, ಸಂಡಿಗೆ ಹಗುರ. ಫ್ಯಾನ್ ಗಾಳಿಗೆ ಎದ್ದು ಹಾರಿ ಕಾಯಿಲ್‌ಗೆ ತಾಗುತ್ತವೆ. ಅಲ್ಲೇ ಕರಿಯಾಗುತ್ತವೆ, ಕೆಲವೊಮ್ಮೆ ಬೆಂಕಿಯೂ ಹತ್ತಬಹುದು. ಮೇಲೆ ಒಂದು ಸ್ಟೀಲ್ ಸ್ಟ್ಯಾಂಡ್ ಮಗುಚಿಟ್ಟು ಸುಡಿ. ಬಟರ್ ಪೇಪರ್ ಹಾಕುವವರೂ ಅಷ್ಟೇ, ಖಾಲಿ ಪೇಪರ್ ಹಾಕಿ ಬಿಸಿ ಮಾಡಬೇಡಿ. ಮೇಲೆ ತೂಕಕ್ಕೆ ಆಹಾರ ಇರಲೇಬೇಕು.

ಸುಟ್ಟು ಹಿಡಿದ ಜಿಡ್ಡಿಗೆ

ಬಂಗುಡೆ, ಕೋಳಿ ಸುಟ್ಟ ಬುಟ್ಟಿಯಲ್ಲಿ ಕಂದು ಬಣ್ಣದ ಅಂಟು ಪದರ ಕೂರುತ್ತದೆ. ಎಣ್ಣೆ ಪದೇ ಪದೇ ಕಾದು ಗಟ್ಟಿಯಾದದ್ದು ಅದು. ಎರಡು ಚಮಚ ಅಡುಗೆ ಸೋಡಾಕ್ಕೆ ಒಂದು ಚಮಚ ನೀರು ಸೇರಿಸಿ ಪೇಸ್ಟ್ ಮಾಡಿ. ಕಲೆ ಮೇಲೆ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಹಳೇ ಮೆತ್ತನೆಯ ಟೂತ್‌ಬ್ರಶ್‌ನಿಂದ ಸುತ್ತುಸುತ್ತಾಗಿ ಉಜ್ಜಿ, ಬಿಸಿನೀರಿನಲ್ಲಿ ತೊಳೆಯಿರಿ. ಪೂರ್ತಿ ಹೋಗದಿದ್ದರೆ ನಾಳೆ ಮತ್ತೊಮ್ಮೆ ಮಾಡಿ. ರಾತ್ರಿಯಿಡೀ ಹಚ್ಚಿಡಬೇಡಿ, ಬರಿ ಅಲ್ಯೂಮಿನಿಯಂ ಇರುವ ಕಡೆ ಕಪ್ಪಾಗುತ್ತದೆ. ಸ್ಪ್ರೇ ಡಬ್ಬಿಯ ಅಡುಗೆ ಎಣ್ಣೆ ಬಳಸುವವರಲ್ಲಿ ಈ ಅಂಟು ಜಾಸ್ತಿ ಕಾಣುತ್ತದೆ. ಅದರಲ್ಲಿ ಬೆರೆಸುವ ಲೆಸಿಥಿನ್ ಬಿಸಿಗೆ ಗೋಂದಿನಂತೆ ಅಂಟುತ್ತದೆ. ಬಟ್ಟಲಲ್ಲಿ ಎಣ್ಣೆ ಇಟ್ಟುಕೊಂಡು ಬ್ರಶ್‌ನಲ್ಲಿ ಆಹಾರಕ್ಕೆ ಸವರಿ, ಬುಟ್ಟಿಗಲ್ಲ.

ಕಾಯಿಲ್ ಸ್ವಚ್ಛ ಮಾಡುವುದು

ಇದೇ ಮುಖ್ಯ ಕೆಲಸ. ವಾರಕ್ಕೆ ಮೂರ್ನಾಲ್ಕು ಸಲ ಬಳಸುವ ಮನೆಯಲ್ಲಿ ತಿಂಗಳಿಗೊಮ್ಮೆ ಸಾಕು. ಮೀನು ಮಾಂಸ ಜಾಸ್ತಿ ಆದರೆ ಹದಿನೈದು ದಿನಕ್ಕೊಮ್ಮೆ. ಮಳೆ ಬಿಟ್ಟು ಬಿಸಿಲು ಕಂಡ ದಿನವನ್ನೇ ಆರಿಸಿಕೊಳ್ಳಿ, ಅರ್ಧ ಕೆಲಸ ಬಿಸಿಲೇ ಮಾಡುತ್ತದೆ.

1. ಪ್ಲಗ್ ತೆಗೆದು ಕನಿಷ್ಠ ಒಂದು ಗಂಟೆ ಬಿಡಿ. ಬುಟ್ಟಿಗಿಂತ ಕಾಯಿಲ್ ನಿಧಾನ ಆರುತ್ತದೆ.

2. ಬುಟ್ಟಿ ತೆಗೆದು, ಟೇಬಲ್ ಮೇಲೆ ದಪ್ಪ ಟವಲ್ ಹಾಸಿ, ಮಿಷನ್ನನ್ನು ತಲೆಕೆಳಗಾಗಿ ಇಡಿ. ಮೇಲೆ ಡಿಸ್‌ಪ್ಲೇ ಇದ್ದು ಹಾಗಿಡಲು ಆಗದಿದ್ದರೆ ಹಿಂದಕ್ಕೆ ಮಲಗಿಸಿ. ಈಗ ಕಾಯಿಲ್ ಕಣ್ಣೆದುರಿಗೆ ಬರುತ್ತದೆ. ಮೊಬೈಲ್ ಟಾರ್ಚ್ ಹಿಡಿದು ನೋಡಿ.

3. ಮೊದಲು ಒಣ ಟೂತ್‌ಬ್ರಶ್‌ನಿಂದ ಕರಕಲು ಉದುರಿಸಿ. ಕಾಯಿಲ್‌ನ ಸುತ್ತು ಹೋದ ದಿಕ್ಕಿನಲ್ಲೇ ಬ್ರಶ್ ಆಡಿಸಿ. ಫ್ಯಾನ್ ರೆಕ್ಕೆಗೆ ಒತ್ತಡ ಹಾಕಬೇಡಿ. ಉದುರಿದ್ದನ್ನು ಬಟ್ಟೆಯಿಂದ ಎತ್ತಿ ತೆಗೆಯಿರಿ.

4. ಬಿಸಿನೀರಿಗೆ ಎರಡು ಹನಿ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಷ್ಟು ಗಟ್ಟಿಯಾಗಿ ಹಿಂಡಿ. ಅದರಿಂದ ಕಾಯಿಲ್ ಮತ್ತು ಸುತ್ತಲಿನ ತಗಡನ್ನು ಒರೆಸಿ. ಹಠ ಹಿಡಿದ ಜಾಗಕ್ಕೆ ಮಾತ್ರ ಸೋಡಾ ಪೇಸ್ಟ್ ಬೆರಳಲ್ಲಿ ಮುಟ್ಟಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ.

5. ಬರಿ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಸೋಪು ಉಳಿದರೆ ಮುಂದಿನ ಅಡುಗೆಗೆ ಅದರದೇ ರುಚಿ.

6. ಹಾಗೇ ತಲೆಕೆಳಗಾಗಿ ಎರಡು ಗಂಟೆ, ಮಳೆಗಾಲವಾದರೆ ರಾತ್ರಿಯಿಡೀ ಒಣಗಲು ಬಿಡಿ. ಆಮೇಲೆ ನೆಟ್ಟಗೆ ಇಟ್ಟು, ಖಾಲಿ ಬುಟ್ಟಿ ಹಾಕಿ, 180 ಡಿಗ್ರಿಯಲ್ಲಿ ಐದು ನಿಮಿಷ ಓಡಿಸಿ. ತುಸು ವಾಸನೆ ಬಂದರೆ ಕಿಟಕಿ ತೆರೆದಿಡಿ.

ಕಾಯಿಲ್ ಮುಂದೆ ಜಾಲರಿ ಕವರ್ ಇದ್ದು ಸ್ಕ್ರೂ ಹಾಕಿದ್ದರೆ ಅದನ್ನು ಬಿಚ್ಚಬೇಡಿ. ಓವನ್ ಕ್ಲೀನರ್ ಸ್ಪ್ರೇ ಹೊಡೆಯಬೇಡಿ, ಅದು ಫ್ಯಾನ್ ಬೇರಿಂಗ್‌ವರೆಗೆ ಹೋಗುತ್ತದೆ. ಸ್ಟೀಲ್ ಜುಂಗು ಇಲ್ಲಿ ಇನ್ನೂ ಅಪಾಯ. ಮುರಿದ ಒಂದು ಎಳೆ ಒಳಗೆ ಸಿಕ್ಕಿಕೊಂಡರೆ ಶಾರ್ಟ್ ಸರ್ಕ್ಯೂಟ್ ಆಗಬಹುದು. ಮಿಷನ್ನನ್ನು ನಲ್ಲಿ ಕೆಳಗೆ ಹಿಡಿಯುವ ಮಾತಂತೂ ಇಲ್ಲವೇ ಇಲ್ಲ.

ಒಣಗಿಸುವುದು

ಅಡಿಕೆ ಒಣಗಿಸುವ ಊರಿನವರಿಗೆ ಇದನ್ನು ಹೇಳಿಕೊಡಬೇಕಾ ಅಂತ ಕೇಳಬಹುದು. ಅಡಿಕೆಗೆ ತೋರಿಸುವ ಕಾಳಜಿಯಲ್ಲಿ ಕಾಲುಭಾಗ ತೋರಿಸಿದರೂ ಈ ಮಿಷನ್ ಬಾಳುತ್ತದೆ. ತೊಳೆದ ಬುಟ್ಟಿಯನ್ನು ಒದ್ದೆಯಾಗೇ ಒಳಗೆ ತಳ್ಳಿ ಮುಚ್ಚಿದರೆ ಆ ನೀರು ಹೊರಗೆ ಹೋಗಲು ದಾರಿಯಿಲ್ಲ. ಹಿಡಿಕೆಯ ಸ್ಕ್ರೂಗೆ ತುಕ್ಕು ಹಿಡಿಯುತ್ತದೆ. ನಾಲ್ಕು ದಿನ ಬಿಟ್ಟು ತೆರೆದರೆ ಮುಗ್ಗಲು ವಾಸನೆ. ಜಿಡ್ಡು ಉಳಿದಿದ್ದರೆ ಅದರ ಮೇಲೆ ಬೂಷ್ಟೂ ಬರುತ್ತದೆ.

ಸುಲಭ ದಾರಿ ಇದು. ಬುಟ್ಟಿಯನ್ನು ಬಟ್ಟೆಯಲ್ಲಿ ಒರೆಸಿ, ಮಿಷನ್ ಒಳಗೇ ಇಟ್ಟು 120 ಡಿಗ್ರಿಯಲ್ಲಿ ಮೂರು ನಿಮಿಷ ಓಡಿಸಿ. ಆರಿದ ಮೇಲೆ ಬುಟ್ಟಿಯನ್ನು ಎರಡು ಬೆರಳಿನಷ್ಟು ಹೊರಗೆಳೆದು ಬಿಡಿ. ಪೂರ್ತಿ ಮುಚ್ಚಬೇಡಿ. ಜಿರಳೆ, ಹಲ್ಲಿ ಕಾಟ ಇದ್ದರೆ ಮೇಲೆ ತೆಳು ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಹಿಡಿದಿಡುತ್ತದೆ, ಬೇಡ.

ಬಹಳ ದಿನ ಬಳಸುವುದಿಲ್ಲವಾದರೆ ಬುಟ್ಟಿಯೊಳಗೆ ಬಟ್ಟೆಯಲ್ಲಿ ಕಟ್ಟಿದ ಒಣ ಇದ್ದಿಲು ಇಡಿ. ವಾಸನೆಯನ್ನೂ ಒಂದಿಷ್ಟು ತೇವವನ್ನೂ ಎಳೆಯುತ್ತದೆ. ಆನ್ ಮಾಡುವ ಮೊದಲು ತೆಗೆಯಲು ಮರೆಯದಿರಿ ಅಂತ ಚೀಟಿ ಅಂಟಿಸಿಡಿ, ನಗಬೇಡಿ. ಪುಷ್ಯ, ಆಶ್ಲೇಷಾ ಮಳೆಯ ದಿನಗಳಲ್ಲಿ ಬಳಸದಿದ್ದರೂ ವಾರಕ್ಕೊಮ್ಮೆ ಐದು ನಿಮಿಷ ಖಾಲಿ ಓಡಿಸುವುದು ಒಳ್ಳೆಯದು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೊಳವೆಯಂಥ ಕಾಯಿಲ್ ಒಳಗೆ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಕರೆಂಟ್ ಹೊರಗೆ ಬರದಂತೆ ತಡೆಯುವುದು ಅದೇ. ಆ ಪುಡಿ ಗಾಳಿಯ ತೇವ ಹೀರುತ್ತದೆ. ತೇವ ಜಾಸ್ತಿಯಾದರೆ ಸಣ್ಣ ಸೋರಿಕೆ ಶುರುವಾಗಿ ಮೀಟರ್ ಬೋರ್ಡಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟಪ್ ಅಂತ ಬೀಳುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದದ್ದು ಮಳೆಗಾಲದಲ್ಲಿ ಟ್ರಿಪ್ ಆಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಮತ್ತೆ ಮತ್ತೆ ಸ್ವಿಚ್ ಎತ್ತಿ ಹಾಕುತ್ತಾ ಕೂರಬೇಡಿ. ಬೆಚ್ಚಗಿನ ಒಣ ಜಾಗದಲ್ಲಿ ಎರಡು ದಿನ ಇಟ್ಟು ನೋಡಿ. ಆಗಲೂ ಬಿದ್ದರೆ ರಿಪೇರಿಯವರಿಗೆ ತೋರಿಸಿ. ಮೈಗೆ ಜುಮ್ ಅಂದರೆ ಅವತ್ತೇ ನಿಲ್ಲಿಸಿ, ಮಿಷನ್ ಜೊತೆಗೆ ಮನೆಯ ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ.

ಎಲ್ಲಿಡಬೇಕು, ಎಲ್ಲಿ ಸಿಕ್ಕಿಸಬೇಕು

ಹಿಂಭಾಗದಲ್ಲಿ ಬಿಸಿಗಾಳಿ ಹೊರಬರುವ ಕಿಂಡಿ ಇದೆ. ಗೋಡೆಯಿಂದ ನಾಲ್ಕಿಂಚು ದೂರ ಇಡಿ. ಮರದ ಹಲಗೆ, ಪ್ಲಾಸ್ಟಿಕ್ ಡಬ್ಬಿ ಹತ್ತಿರ ಬೇಡ. ಸೌದೆ ಒಲೆ ಇನ್ನೂ ಉರಿಯುವ ಮನೆಗಳಲ್ಲಿ ಒಲೆಯ ಪಕ್ಕ ಇಡಲೇಬಾರದು. ಫ್ಯಾನ್ ಬೂದಿ, ಮಸಿ ಎರಡನ್ನೂ ಒಳಗೆ ಎಳೆಯುತ್ತದೆ. ಕಿಂಡಿಗಳನ್ನು ತಿಂಗಳಿಗೊಮ್ಮೆ ಒಣ ಪೇಂಟ್ ಬ್ರಶ್‌ನಿಂದ ಗುಡಿಸಿ. ವೈರನ್ನು ಇಲಿ ಕಡಿದಿದೆಯಾ ಅಂತಲೂ ಆಗಲೇ ನೋಡಿಬಿಡಿ.

ಏರ್ ಫ್ರೈಯರ್‌ಗಳು ಹೆಚ್ಚಾಗಿ 1200ರಿಂದ 1700 ವ್ಯಾಟ್ ಎಳೆಯುತ್ತವೆ. 6 ಆಂಪಿಯರ್‌ನ ಸಣ್ಣ ಪ್ಲಗ್‌ನ ಮಿತಿ 230 ವೋಲ್ಟ್‌ನಲ್ಲಿ 1380 ವ್ಯಾಟ್. ಹಾಗಾಗಿ 16 ಆಂಪಿಯರ್‌ನ ದೊಡ್ಡ ಪ್ಲಗ್‌ಗೇ ಹಾಕಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ, ಇನ್ವರ್ಟರ್ ಇಲ್ಲದ ಲೈನ್‌ಗೆ ಸಿಕ್ಕಿಸಿ.

ಅಡುಗೆ ಅರ್ಧ ಆಗಿರುವಾಗ ಕರೆಂಟ್ ಹೋಯಿತು ಅನ್ನಿ, ನಮ್ಮಲ್ಲಿ ಇದೇನು ಅಪರೂಪ ಅಲ್ಲ ಅಲ್ವಾ? ಪ್ಲಗ್ ಕಿತ್ತು ಬುಟ್ಟಿ ಹೊರಗೆಳೆಯಿರಿ. ಫ್ಯಾನ್ ನಿಂತಿದ್ದರಿಂದ ಕಾಯಿಲ್‌ನ ಬಿಸಿ ಮೇಲಿನ ಬೋರ್ಡ್ ಕಡೆ ಏರುತ್ತದೆ, ಆವಿ ಒಳಗೇ ನೀರಾಗುತ್ತದೆ. ತೆರೆದಿಟ್ಟರೆ ಎರಡಕ್ಕೂ ದಾರಿ ಸಿಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ತೆಗೆದಿಡಿ.

ಗರಿಗರಿ ಆಗುತ್ತಿಲ್ಲ, ಹೊಗೆ, ವಾಸನೆ

ಗರಿಗರಿ ಆಗದಿದ್ದರೆ ತಕ್ಷಣ ಮಿಷನ್ನನ್ನು ಬೈಯಬೇಡಿ. ಬುಟ್ಟಿ ತುಂಬಾ ತುಂಬಿಸಿದರೆ ಗಾಳಿ ಓಡಾಡುವುದಿಲ್ಲ. ಜಾಲರಿಯ ತೂತು ಜಿಡ್ಡಿನಿಂದ ಮುಚ್ಚಿದ್ದರೂ ಹಾಗೇ. ತೋಟದ ಮನೆಗಳಲ್ಲಿ ಮೂರನೆಯ ಕಾರಣ ವೋಲ್ಟೇಜ್. ಕಾಯಿಲ್ ಕೊಡುವ ಶಾಖ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದದ್ದು 190ಕ್ಕೆ ಇಳಿದರೆ ಶಾಖ ಸುಮಾರು ಮೂರನೇ ಒಂದು ಭಾಗ ಕಡಿಮೆ. ಸಂಜೆ ದೀಪ ಮಂಕಾಗುವ ಹೊತ್ತು ತಪ್ಪಿಸಿ ಮಧ್ಯಾಹ್ನ ಸುಟ್ಟು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಬಿಳಿ ಹೊಗೆ ಬಂದರೆ ಕೊಬ್ಬು ಸುಡುತ್ತಿದೆ ಅಂತ. ತಳದ ಎಣ್ಣೆ ಚೆಲ್ಲಿ ಮುಂದುವರಿಸಿ. ಕಪ್ಪು ಹೊಗೆ ಬಂದರೆ ಆಫ್ ಮಾಡಿ, ಪ್ಲಗ್ ತೆಗೆದು, ಹೊಗೆ ನಿಂತ ಮೇಲೆ ಬುಟ್ಟಿ ತೆರೆಯಿರಿ. ನೀರು ಸುರಿಯಬೇಡಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಹೊಸ ಮಿಷನ್‌ನಲ್ಲಿ ಮೊದಮೊದಲು ಸಹಜ. ಹಳೆಯದರಲ್ಲಿ ಬಂದರೆ ವೈರ್ ಅಥವಾ ಪ್ಲಗ್ ಕಾಯುತ್ತಿದೆ.

ಮೀನಿನ ವಾಸನೆಗೆ ತೊಳೆದ ಬುಟ್ಟಿಯಲ್ಲಿ ಎರಡು ಹೋಳು ಮಾಡಿದ ನಿಂಬೆ ಇಟ್ಟು 120 ಡಿಗ್ರಿಯಲ್ಲಿ ಐದು ನಿಮಿಷ ಓಡಿಸಿ. ಮನೆಯಲ್ಲಿ ಹೇರಳೆಕಾಯಿ ಇದ್ದರೆ ಇನ್ನೂ ಒಳ್ಳೆಯದು, ಅದರ ಸಿಪ್ಪೆಯಲ್ಲಿ ಘಮ ಜಾಸ್ತಿ. ಮರುದಿನ ಮತ್ತೆ ಮೀನು ನಾತ ಬಂದರೆ ಜಿಡ್ಡು ಕಾಯಿಲ್‌ನಲ್ಲಿದೆ. ನಿಂಬೆ ಖರ್ಚು ಮಾಡುವುದು ಬಿಟ್ಟು ಟೂತ್‌ಬ್ರಶ್ ಹಿಡಿಯಿರಿ.

ಕೋಟಿಂಗ್ ಎದ್ದರೆ, ಮಿಷನ್ ಕೈಕೊಟ್ಟರೆ

ಹಲವು ಬುಟ್ಟಿಗಳಿಗೆ ಇರುವುದು ಟೆಫ್ಲಾನ್ ಜಾತಿಯ ಕೋಟಿಂಗ್. ಅದು 260 ಡಿಗ್ರಿವರೆಗೆ ತಡೆಯುತ್ತದೆ. ಏರ್ ಫ್ರೈಯರ್ ಸಾಮಾನ್ಯವಾಗಿ 200 ದಾಟುವುದಿಲ್ಲ. ಆದ್ದರಿಂದ ಕೋಟಿಂಗ್ ಹಾಳಾಗುವುದು ಶಾಖಕ್ಕಿಂತ ನಮ್ಮ ಕೈಯಿಂದಲೇ ಜಾಸ್ತಿ: ಸ್ಟೀಲ್ ಚಮಚ, ಚಿಮಟ, ಫೋರ್ಕ್. ಮರದ ಸೌಟು ಬಳಸಿ. ಒಂದೆರಡು ಗೀರಿಗೆ ಹೆದರಬೇಕಿಲ್ಲ. ಚಕ್ಕೆ ಚಕ್ಕೆಯಾಗಿ ಏಳತೊಡಗಿದರೆ ಬುಟ್ಟಿ ಬದಲಿಸಿ. ಮಿಷನ್ ಅಡಿಯಲ್ಲಿರುವ ಮಾಡೆಲ್ ಸಂಖ್ಯೆ ಕೊಟ್ಟರೆ ಹಲವು ಕಂಪನಿಗಳ ಬುಟ್ಟಿ ಬಿಡಿಯಾಗಿ ಸಿಗುತ್ತದೆ. ತಾತ್ಕಾಲಿಕವಾಗಿ ತೂತಿರುವ ಸಿಲಿಕಾನ್ ಲೈನರ್ ನಡೆಯುತ್ತದೆ. ಗರಿ ಸ್ವಲ್ಪ ಕಡಿಮೆ ಆಗುತ್ತದೆ.

ಆನ್ ಆಗುತ್ತಲೇ ಇಲ್ಲ ಅಂದರೆ ಮೊದಲು ಬುಟ್ಟಿ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಬುಟ್ಟಿ ಕೂತಾಗ ಒಳಗೊಂದು ಸಣ್ಣ ಸ್ವಿಚ್ ಒತ್ತುತ್ತದೆ. ಆ ಜಾಗದಲ್ಲಿ ಜಿಡ್ಡು, ಅನ್ನದ ಅಗುಳು ಕೂತಿದ್ದರೆ ಮಿಷನ್ ಸತ್ತಂತೆ ಕಾಣುತ್ತದೆ. ಪ್ಲಗ್ ತೆಗೆದು ಒಣ ಬ್ರಶ್‌ನಿಂದ ಅಲ್ಲಿ ಗುಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಸರಿಹೋಗದೆ ಶಿವಮೊಗ್ಗಕ್ಕೋ ಸಾಗರಕ್ಕೋ ರಿಪೇರಿಗೆ ಒಯ್ಯುವುದಾದರೆ ಬುಟ್ಟಿಯನ್ನೂ ಜೊತೆಗೇ ಒಯ್ಯಿರಿ. ಬಸ್ಸಿನಲ್ಲಿ ಭಾರ ಅಂತ ಮನೆಯಲ್ಲೇ ಬಿಟ್ಟು ಹೋದರೆ ಆ ಸ್ವಿಚ್ ಒತ್ತುವುದಿಲ್ಲ, ರಿಪೇರಿಯವರು ಮಿಷನ್ ಓಡಿಸಿ ನೋಡಲಿಕ್ಕೇ ಆಗುವುದಿಲ್ಲ.